ಅಂತೆಕಂತೆಯ ನಡುವೆ ಕಾಡಿನ ಶೋಧ: ಪರಾರಿಯಾದವರ ‘ಯಾಕೆ’ ಮತ್ತು ‘ಎಲ್ಲಿಗೆ’

ಕಾಡಿನಲ್ಲಿ ತಲೆಮರೆಸಿಕೊಂಡವರಿಗಾಗಿ ಕೂಂಬಿಂಗ್ ನಡೆದಿರುವಾಗ ಊರಿನಲ್ಲಿ ಎರಡು ಪ್ರಶ್ನೆ ಜೊತೆಜೊತೆಗೇ ತಿರುಗುತ್ತವೆ. ಇವರು ಯಾಕೆ ಹೀಗೆ ಮಾಡಿದರು? ಈಗ ಏನು ಮಾಡಲಿಕ್ಕಿದ್ದಾರೆ? ಚಹಾದಂಗಡಿಯ ಬೆಂಚಿನ ಮೇಲೆ ಇವೆರಡೂ ಒಂದೇ ಪ್ರಶ್ನೆ. ಕಾರವಾರದಲ್ಲೋ ಶಿರಸಿಯಲ್ಲೋ ಕೂತು ಪಿಎಸ್‌ಐ ಪರೀಕ್ಷೆಗೆ, ಪತ್ರಿಕೋದ್ಯಮಕ್ಕೆ ಓದುವವರು ಮಾತ್ರ ಇವನ್ನು ಬೇರೆ ಮಾಡಿಕೊಳ್ಳಲೇಬೇಕು. ಮೊದಲನೆಯದು ಪ್ರೇರಣೆ, ಎರಡನೆಯದು ಇರಾದೆ. ಪತ್ರಿಕೆಗಳು ಎರಡಕ್ಕೂ ‘ಉದ್ದೇಶ’ ಎಂದೇ ಬರೆಯುವುದರಿಂದ ಅರ್ಧ ಗೊಂದಲ ಅಲ್ಲೇ ಹುಟ್ಟುತ್ತದೆ. ಶೋಧಪಡೆಗೆ ಬೇಕಾಗಿರುವುದು ಇರಾದೆ. ಜನ ಚರ್ಚಿಸುವುದು ಹೆಚ್ಚಾಗಿ ಪ್ರೇರಣೆ. ಈ ಟಿಪ್ಪಣಿಗೆ ಮುಖ್ಯ ಉದಾಹರಣೆಯಾಗಿ ಕೆನಡಾದ 2019ರ ಪ್ರಕರಣವನ್ನು ಇಟ್ಟುಕೊಂಡಿದ್ದೇವೆ, ಏಕೆಂದರೆ ಅಲ್ಲಿ ಕೊನೆಗೆ ಇರಾದೆ ಗೊತ್ತಾಯಿತು, ಪ್ರೇರಣೆ ಗೊತ್ತಾಗಲಿಲ್ಲ.

ಘಟನಾಕ್ರಮ

2019ರ ಜುಲೈ 15ರಂದು ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಉತ್ತರದಲ್ಲಿ, ಅಲಾಸ್ಕಾ ಹೆದ್ದಾರಿಯ ಬದಿಯಲ್ಲಿ ಪ್ರವಾಸ ಹೊರಟಿದ್ದ ಯುವಜೋಡಿಯ ಶವ ಸಿಕ್ಕಿತು. 19ರಂದು ಡೀಸ್ ಲೇಕ್ ಊರಿನ ಹತ್ತಿರ ಸುಟ್ಟುಹೋದ ಪಿಕಪ್ ಟ್ರಕ್ಕು, ಅದರಿಂದ ಸುಮಾರು 2 ಕಿ.ಮೀ. ದೂರದಲ್ಲಿ ವಿಶ್ವವಿದ್ಯಾಲಯವೊಂದರ ಸಸ್ಯಶಾಸ್ತ್ರ ಉಪನ್ಯಾಸಕರ ಶವ. ಟ್ರಕ್ಕು 18 ಮತ್ತು 19 ವರ್ಷದ ಇಬ್ಬರು ಹುಡುಗರದ್ದು. ಕೆಲಸ ಹುಡುಕಲು ಯೂಕಾನ್ ಕಡೆ ಹೋಗುತ್ತೇವೆಂದು ಮನೆ ಬಿಟ್ಟವರು. ಅವರು ಎಲ್ಲೂ ಕಾಣಲಿಲ್ಲ.

ಇಲ್ಲಿ ಪೆನ್ಸಿಲ್ಲಿನಿಂದ ಗೆರೆ ಎಳೆದುಕೊಳ್ಳಿ: ಜುಲೈ 23ರ ತನಕ ಇವರಿಬ್ಬರೂ ಅಧಿಕೃತವಾಗಿ ‘ಕಾಣೆಯಾದವರು’. ಅವರೂ ಯಾರದೋ ಕೈಗೆ ಸಿಕ್ಕಿ ಸತ್ತಿರಬೇಕು ಎಂಬ ಭಯವೇ ಆಗ ಎಲ್ಲರದ್ದು. 23ರಂದು ಪೊಲೀಸರು ಅವರನ್ನು ಶಂಕಿತರೆಂದು ಘೋಷಿಸಿದರು. ಅಷ್ಟರಲ್ಲಿ ಉಪನ್ಯಾಸಕರ ಟೊಯೊಟಾ ಕಾರು ಸುಮಾರು 3,000 ಕಿ.ಮೀ. ಪೂರ್ವಕ್ಕೆ, ಮ್ಯಾನಿಟೋಬಾದ ಗಿಲಮ್ ಎಂಬ ಸಣ್ಣ ಊರಿನ ಹತ್ತಿರ ಸುಟ್ಟ ಸ್ಥಿತಿಯಲ್ಲಿ ಸಿಕ್ಕಿತ್ತು. ಒಂದೇ ದಿನದಲ್ಲಿ ಅಯ್ಯೋ ಪಾಪ ಎನ್ನಿಸಿಕೊಂಡವರು ಹಂತಕರಾದರು. ಜನರ ಊಹೆಗಳೂ ರಾತ್ರೋರಾತ್ರಿ ಮಗ್ಗುಲು ಬದಲಿಸಿದವು. ಹಾಗಾಗಿ ಯಾವುದೇ ಊಹೆಯನ್ನು ಬರೆದುಕೊಳ್ಳುವಾಗ ತಾರೀಕು ಹಾಕದಿದ್ದರೆ ಅದು ಕೆಲಸಕ್ಕೆ ಬಾರದು. ಜುಲೈ 20ರ ಊಹೆಯನ್ನು ಜುಲೈ 25ರ ಮಾಹಿತಿಯಿಂದ ತೂಗಿ ‘ಆಗಲೇ ಗೊತ್ತಾಗಬೇಕಿತ್ತು’ ಎನ್ನುವುದು ವಿದ್ಯಾರ್ಥಿಗಳು ಪದೇ ಪದೇ ಮಾಡುವ ತಪ್ಪು.

ಗಿಲಮ್ ಸುತ್ತ ಜೌಗು, ಪೊದೆಗಾಡು, ಸೊಳ್ಳೆ, ರಭಸದ ನೆಲ್ಸನ್ ನದಿ. ಪೊಲೀಸರು ಶ್ವಾನದಳ, ಡ್ರೋನು, ವಾಯುಪಡೆಯ ಹರ್ಕ್ಯುಲಿಸ್ ವಿಮಾನ ಎಲ್ಲವನ್ನೂ ಇಳಿಸಿದರು. ಜುಲೈ 28ರಂದು ಯಾರ್ಕ್ ಲ್ಯಾಂಡಿಂಗ್ ಎಂಬ ದೂರದ ಹಳ್ಳಿಯ ಕಸದ ಗುಂಡಿಯ ಹತ್ತಿರ ಇಬ್ಬರನ್ನು ಕಂಡೆವೆಂದು ಸ್ವಯಂಸೇವಕರು ಹೇಳಿದರು. ಪಡೆ ಅತ್ತ ತಿರುಗಿತು, ಏನೂ ಸಿಗಲಿಲ್ಲ. 31ಕ್ಕೆ ಶೋಧವನ್ನು ಕಡಿಮೆ ಮಾಡಿದರು. ಆಮೇಲೆ ನದಿಯಲ್ಲಿ ದೋಣಿ ನಡೆಸುವ ಸ್ಥಳೀಯನೊಬ್ಬನ ಕಣ್ಣಿಗೆ ಬಿದ್ದ ಸ್ಲೀಪಿಂಗ್ ಬ್ಯಾಗಿನಿಂದ ಜಾಡು ಮತ್ತೆ ಹತ್ತಿತು. ಆಗಸ್ಟ್ 7ರಂದು ಇಬ್ಬರ ಶವವೂ ನದಿಯ ಹತ್ತಿರದ ಪೊದೆಗಳಲ್ಲಿ ಸಿಕ್ಕಿತು, ಸುಟ್ಟ ಕಾರಿನಿಂದ ಸುಮಾರು 8 ಕಿ.ಮೀ. ದೂರದಲ್ಲಿ.

ಒಂದು ಹೋಲಿಕೆ: ಪೊಲೀಸರು ಜಾಲಾಡಿದ ಪ್ರದೇಶ 11,000 ಚ.ಕಿ.ಮೀ. ಮೀರಿತ್ತು. ನಮ್ಮ ಇಡೀ ಉತ್ತರ ಕನ್ನಡ ಜಿಲ್ಲೆ, ಹಳಿಯಾಳದಿಂದ ಭಟ್ಕಳದವರೆಗೆ ಸೇರಿಸಿದರೂ, ಹತ್ತಿರಹತ್ತಿರ 10,300. ಅಷ್ಟು ಹುಡುಕಿ ಸಿಕ್ಕಿದ್ದು 8 ಕಿ.ಮೀ. ಅಂತರದಲ್ಲಿ!

ಆಗ ಓಡಾಡಿದ ಊಹೆಗಳು

ಒಬ್ಬನ ಬಳಿ ನಾಜಿ ಚಿಹ್ನೆಗಳ ವಸ್ತು ಇದ್ದ ಫೋಟೊ ಹೊರಬಂದದ್ದೇ ‘ಸಿದ್ಧಾಂತಕ್ಕಾಗಿ ಕೊಂದರು’ ಎಂದಾಯಿತು. ಯುದ್ಧದ ವಿಡಿಯೊ ಗೇಮ್ ಆಡುತ್ತಿದ್ದರು ಎಂದು ಗೊತ್ತಾದಾಗ ‘ಆಟವನ್ನೇ ನಿಜ ಮಾಡಿದರು’ ಎಂದಾಯಿತು. ಒಬ್ಬನ ತಂದೆ, ಮಗ ಸಾಯುವುದಕ್ಕೆಂದೇ ಹೊರಟಿದ್ದಾನೆ ಎಂಬರ್ಥದ ಮಾತಾಡಿದರು. ಗೂಡ್ಸ್ ರೈಲು ಹತ್ತಿ ಹೋಗಿದ್ದಾರೆ, ಮುಳುಗಿ ಸತ್ತಿದ್ದಾರೆ ಎನ್ನುವವರಿಗೂ ಕೊರತೆ ಇರಲಿಲ್ಲ. ಯಾರೋ ಗೊತ್ತಿಲ್ಲದೆ ನೆರವಾಗಿರಬಹುದು ಎಂದು ಪೊಲೀಸರೇ ಒಮ್ಮೆ ಹೇಳಿದರು.

ಇವನ್ನು ಎರಡು ಬುಟ್ಟಿಗೆ ಹಾಕಿ ನೋಡಿ. ಸಿದ್ಧಾಂತ, ಗೇಮ್ ಇವು ಪ್ರೇರಣೆಯ ಬುಟ್ಟಿಗೆ. ಎರಡೂ ಪೂರ್ತಿ ನಿಜವಾಗಿದ್ದರೂ ಯಾವ ದಡದಲ್ಲಿ ನಾಯಿ ಬಿಡಬೇಕು ಎಂಬುದು ಅದರಿಂದ ತಿಳಿಯುತ್ತಿರಲಿಲ್ಲ. ರೈಲು, ಮುಳುಗಿದ್ದು, ನೆರವು ಇವು ಎರಡನೇ, ಅಂದರೆ ‘ಎಲ್ಲಿಗೆ’ ಎಂಬ ಬುಟ್ಟಿಗೆ. ಇವುಗಳಿಂದ ಶೋಧದ ನಕ್ಷೆ ಬದಲಾಗುತ್ತದೆ. ತಂದೆಯ ಮಾತು ಮಾತ್ರ ಎರಡರ ನಡುವೆ ನಿಲ್ಲುತ್ತದೆ: ಸಾಯಲು ಹೊರಟವನು ದೂರ ಹೋಗುವ ಅಗತ್ಯವಿಲ್ಲ, ಆದರೆ ಎದುರು ಬಂದವರಿಗೆ ಅಪಾಯ ಹೆಚ್ಚು.

ಸೆಪ್ಟೆಂಬರ್ 27ರಂದು ಪೊಲೀಸರು ವರದಿ ಹೊರಬಿಟ್ಟರು. ಶವಗಳ ಜೊತೆ ಸಿಕ್ಕ ಕ್ಯಾಮರಾದಲ್ಲಿ ಆರು ಚಿಕ್ಕ ವಿಡಿಯೊಗಳಿದ್ದವು. ಮೂರೂ ಕೊಲೆ ತಾವೇ ಮಾಡಿದ್ದೆಂದು ಒಪ್ಪಿದ್ದರು, ಪಶ್ಚಾತ್ತಾಪವಿರಲಿಲ್ಲ. ಹಡ್ಸನ್ ಕೊಲ್ಲಿಯವರೆಗೆ ನಡೆದು, ಹಡಗು ಅಪಹರಿಸಿ ಯುರೋಪಿಗೋ ಆಫ್ರಿಕಾಕ್ಕೋ ಹೋಗುವುದು ಅವರ ಯೋಜನೆ. ನದಿ ಸಿಕ್ಕಿದ ಮೇಲೆ, ಅದರ ಅಗಲ ಮತ್ತು ಸೆಳೆತ ನೋಡಿ, ಮಾತು ಸಾವಿನ ಕಡೆಗೆ ಹೊರಳಿತು. ಅಂದರೆ ಇರಾದೆ ಕೆಲವೇ ದಿನಗಳಲ್ಲಿ ಬದಲಾಯಿತು, ಬದಲಾಯಿಸಿದ್ದು ನೆಲದ ಸ್ವರೂಪ. ಯಾಕೆ ಕೊಂದರು ಎಂಬ ಬಗ್ಗೆ ಆರೂ ವಿಡಿಯೊಗಳಲ್ಲಿ ಒಂದು ಮಾತೂ ಇಲ್ಲ. ಬೇರೆಯವರಿಗೆ ಪ್ರಚೋದನೆ ಆದೀತೆಂದು ಪೊಲೀಸರು ಆ ವಿಡಿಯೊಗಳನ್ನು ಸಾರ್ವಜನಿಕರಿಗೆ ತೋರಿಸಲಿಲ್ಲ.

ಲೆಕ್ಕ: ‘ತಪ್ಪಿಸಿಕೊಂಡರು’ ಎಂಬ ಮಾತು ಯಾಕೆ ಏರುತ್ತದೆ

ಮೊದಲು ವಿಸ್ತೀರ್ಣ. ಕಾಡಿನಲ್ಲಿ ಗಂಟೆಗೆ 2 ಕಿ.ಮೀ., ದಿನಕ್ಕೆ 10 ಗಂಟೆ ನಡಿಗೆ ಎಂದುಕೊಳ್ಳಿ. ಒಂದು ದಿನಕ್ಕೆ 20 ಕಿ.ಮೀ. ತ್ರಿಜ್ಯದ ವೃತ್ತ, 1,257 ಚ.ಕಿ.ಮೀ. ಎರಡು ದಿನಕ್ಕೆ 5,027. ಮೂರು ದಿನಕ್ಕೆ 11,310. ದಿನ ಮೂರು ಪಟ್ಟಾದರೆ ಜಾಗ ಒಂಬತ್ತು ಪಟ್ಟು. ಅದೇ 8 ಕಿ.ಮೀ. ತ್ರಿಜ್ಯಕ್ಕೆ ಬರೀ 201. ಪೊದೆ, ಜೌಗು, ಹೊಳೆ ಇರುವಲ್ಲಿ ಯಾರೂ ನೇರ ಗೆರೆಯಲ್ಲಿ ನಡೆಯುವುದಿಲ್ಲ. ಮಳೆಗಾಲದಲ್ಲಿ ಘಟ್ಟದ ಕಾನಿಗೆ ಇಳಿದು ಉಂಬಳ ಕಚ್ಚಿಸಿಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈಗ ಸಂಭವನೀಯತೆ. ಅಂಕಿ ಕಲ್ಪಿತ, ವಿಧಾನ ಶೋಧಕಾರ್ಯದಲ್ಲಿ ಬಳಸುವಂಥದ್ದೇ. ನದಿ ದಂಡೆಯಲ್ಲಿ ಇರುವ ಸಾಧ್ಯತೆ 40, ರೈಲು ಹಳಿಯ ಆಸುಪಾಸು 35, ಪ್ರದೇಶ ಬಿಟ್ಟೇ ಹೋಗಿರುವುದು 25, ಒಟ್ಟು 100. ನದಿ ದಂಡೆ ಹುಡುಕಿದಿರಿ. ಇದ್ದರೆ ಸಿಗುವ ಅವಕಾಶ ನೂರಕ್ಕೆ 60. ಸಿಗಲಿಲ್ಲ. ಹಾಗಾದರೆ ನದಿಯ ಪಾಲಿನಲ್ಲಿ ಉಳಿದದ್ದು 40ರ ನೂರಕ್ಕೆ 40, ಅಂದರೆ 16. ಹೊಸ ಮೊತ್ತ 16+35+25=76. ಇದನ್ನು ಮತ್ತೆ ನೂರಕ್ಕೆ ತಂದರೆ ನದಿ 21, ರೈಲು 46, ಹೊರಗೆ 33.

25 ಇದ್ದದ್ದು 33 ಆಯಿತು; ಅವರು ಹೊರಗೆ ಹೋದದ್ದಕ್ಕೆ ಒಂದೇ ಒಂದು ಸಾಕ್ಷ್ಯವೂ ಬಂದಿಲ್ಲ! ಬರಿಗೈಯಲ್ಲಿ ಮುಗಿದ ಪ್ರತಿ ದಿನವೂ ‘ತಪ್ಪಿಸಿಕೊಂಡರಂತೆ’ ಎಂಬ ಮಾತಿಗೆ ಸ್ವಲ್ಪ ನ್ಯಾಯವಾದ ಬಲ ಕೊಡುತ್ತದೆ. ಆದರೆ ಟಿವಿ ಆ 33ನ್ನು 90 ಮಾಡುತ್ತದೆ. ಇನ್ನೊಂದು ತಪ್ಪು ಪಡೆಯವರದ್ದೇ: ಹುಡುಕಿದ ಜಾಗದ 21ನ್ನು ಸೊನ್ನೆ ಎಂದು ಹಿಡಿಯುವುದು. ದಟ್ಟ ಪೊದೆಯಲ್ಲಿ ಮಲಗಿರುವವನಿಂದ ನಾಲ್ಕು ಮಾರು ದೂರದಲ್ಲೇ ಹುಡುಕುವವರ ಸಾಲು ದಾಟಿಹೋಗಬಹುದು. ಹುಡುಕಿದ ಜಾಗವನ್ನು ಮತ್ತೆ ಹುಡುಕುವುದು ನಾಚಿಕೆಯ ವಿಷಯವಲ್ಲ.

‘ಅಂತೆ’ ಉದುರುವ ಕ್ರಮ

ಕನ್ನಡದಲ್ಲಿ ಕೇಳಿದ್ದನ್ನು ಕಂಡದ್ದರಿಂದ ಬೇರೆ ಮಾಡುವ ಚಿಕ್ಕ ಸಾಧನವಿದೆ: ‘ಅಂತೆ’. ವದಂತಿ ಬೆಳೆಯುವುದೆಂದರೆ ಈ ‘ಅಂತೆ’ ಬಿದ್ದುಹೋಗುವುದು. ಕುಮಟಾ ಬಸ್‌ಸ್ಟ್ಯಾಂಡಿನ ಕಲ್ಪಿತ ಉದಾಹರಣೆ ತೆಗೆದುಕೊಳ್ಳಿ.

“ಮಾರಾಯಾ, ದೇವಿಮನೆ ಹತ್ರ ಇಬ್ರು ಬ್ಯಾಗ್ ಹಾಕ್ಕೊಂಡು ನಡೀತಾ ಇದ್ರಂತೆ.”
“ಹೌದನಾ? ಹಂಗಾರೆ ಅವರೇ ಇರ್ಬೇಕು.”

ಎರಡನೇ ಮಾತಿನಲ್ಲೇ ‘ಇಬ್ಬರು’ ಹೋಗಿ ‘ಅವರೇ’ ಬಂತು, ಉಳಿದದ್ದು ‘ಇರಬೇಕು’ ಒಂದೇ. ವಾಟ್ಸಾಪಿನಲ್ಲಿ ಅದೂ ಹೋಗಿ ‘ದೇವಿಮನೆ ಘಟ್ಟದಲ್ಲಿ ಹಂತಕರು, ಎಚ್ಚರ’ ಎಂದಾಗುತ್ತದೆ. ಪತ್ರಿಕೆಯಲ್ಲಿ ‘ಎನ್ನಲಾಗಿದೆ’, ‘ಶಂಕಿಸಲಾಗಿದೆ’, ‘ಮೂಲಗಳು ತಿಳಿಸಿವೆ’ ಕಂಡಲ್ಲಿ ಒಂದೇ ಕೆಲಸ ಮಾಡಿ: ಎಂದವರು ಯಾರು, ಶಂಕಿಸಿದವರು ಯಾರು ಎಂದು ಅಂಚಿನಲ್ಲಿ ಬರೆಯಿರಿ. ಕರ್ತೃ ಸಿಗದಿದ್ದರೆ ಖಾಲಿ ಬಿಡಿ. ಒಂದು ಪುಟದಲ್ಲಿ ಎಷ್ಟು ಖಾಲಿ ಉಳಿದವು ಎಂಬುದೇ ಆ ವರದಿಯ ಅಂಕಪಟ್ಟಿ.

ನಿಜವಾಗಿ ಕಂಡವರು 112ಕ್ಕೆ ಕರೆ ಮಾಡಿದಾಗ ಹೇಳಬೇಕಾದ್ದು: ಎಷ್ಟು ಗಂಟೆಗೆ, ಎಲ್ಲಿ, ಎಷ್ಟು ದೂರದಿಂದ, ಬೆಳಕು ಹೇಗಿತ್ತು, ಯಾವ ದಿಕ್ಕಿಗೆ ಹೋದರು, ಮೈಮೇಲೆ ಏನಿತ್ತು. ‘ಅವರೇ’ ಎಂಬ ತೀರ್ಮಾನ ಬೇಡ. ಪೊಲೀಸ್ ಜೀಪು ಎಲ್ಲಿ ನಿಂತಿದೆ ಎಂದು ಫೋಟೊ ಹಾಕುವುದಂತೂ ಬೇಡವೇ ಬೇಡ.

ಪ್ರೇರಣೆಯಿಂದ ಉಪಯೋಗವಾಗುವ ಸಂದರ್ಭ

ಇದೆ. 2013ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್‌ನ ಮಾಜಿ ಪೊಲೀಸ್ ಕ್ರಿಸ್ಟೊಫರ್ ಡಾರ್ನರ್ ತನ್ನನ್ನು ಕೆಲಸದಿಂದ ತೆಗೆದದ್ದಕ್ಕೆ ಸೇಡು ಎಂದು ಉದ್ದದ ಬರಹವನ್ನೇ ಹಾಕಿದ್ದ. ಅದರಲ್ಲಿ ಹೆಸರಿದ್ದವರ ಕುಟುಂಬಗಳಿಗೆ ಕಾವಲು ಹಾಕಲು ಸಾಧ್ಯವಾಯಿತು. ಪ್ರೇರಣೆ ಮುಂದಿನ ಗುರಿಯನ್ನು ಹೇಳಿದರೆ ಅದು ಕಾರ್ಯಾಚರಣೆಯ ಸರಕು. ಆದರೂ ಎಲ್ಲಿದ್ದಾನೆ ಎಂದು ಅದು ಹೇಳಲಿಲ್ಲ: ಪಡೆ ಬಿಗ್ ಬೇರ್‌ನ ಹಿಮದ ಬೆಟ್ಟ ಹುಡುಕುತ್ತಿದ್ದಾಗ ಆತ ಕಮಾಂಡ್ ಪೋಸ್ಟಿನ ಹತ್ತಿರದ ಮನೆಯೊಂದರಲ್ಲೇ ಅಡಗಿದ್ದ. ಭಯ ಹೆಚ್ಚಾದಾಗ ಏನಾಗುತ್ತದೆ ಎಂಬುದಕ್ಕೂ ಇದೇ ಪ್ರಕರಣ ಸಾಕ್ಷಿ. ಟೊರೆನ್ಸ್‌ನಲ್ಲಿ ಪತ್ರಿಕೆ ಹಂಚುತ್ತಿದ್ದ ಇಬ್ಬರು ಮಹಿಳೆಯರ ನೀಲಿ ಪಿಕಪ್ಪಿನ ಮೇಲೆ ಪೊಲೀಸರು ಗುಂಡು ಹಾರಿಸಿದರು. ಡಾರ್ನರನ ಗಾಡಿ ಬೇರೆ ಕಂಪನಿಯದ್ದು, ಬೇರೆ ಬಣ್ಣದ್ದು.

ಪ್ರೇರಣೆಯ ಊಹೆ ದಾರಿ ತಪ್ಪಿಸುವುದೂ ಉಂಟು: ಅಟ್ಲಾಂಟಾ ಒಲಿಂಪಿಕ್ಸ್‌ನ 1996ರ ಜುಲೈ 27ರ ಸ್ಫೋಟದಲ್ಲಿ ಬಾಂಬಿನ ಚೀಲವನ್ನು ಮೊದಲು ಗುರುತಿಸಿದ ಭದ್ರತಾ ಸಿಬ್ಬಂದಿಯ ಮೇಲೇ ‘ಹೀರೊ ಆಗಲು ತಾನೇ ಇಟ್ಟ’ ಎಂಬ ಪ್ರೇರಣೆ ಅಂಟಿಸಲಾಯಿತು. ಅಕ್ಟೋಬರಿನಲ್ಲಿ ಅವರು ದೋಷಮುಕ್ತರಾದರು. ನಿಜವಾದ ಅಪರಾಧಿ ಎರಿಕ್ ರುಡಾಲ್ಫ್ 1998ರಲ್ಲಿ ನಾರ್ತ್ ಕೆರೊಲಿನಾದ ಕಾಡು ಸೇರಿ, ಐದು ವರ್ಷ ಕಳೆದು 2003ರ ಮೇ 31ರಂದು ಮರ್ಫಿ ಎಂಬ ಊರಿನ ಅಂಗಡಿಯ ಹಿಂದೆ ಸಿಕ್ಕ. ಗರ್ಭಪಾತ ವಿರೋಧವೇ ಕಾರಣ ಎಂದು 2005ರಲ್ಲಿ ಅವನೇ ಹೇಳಿದ.

ನಮ್ಮ ಕಡೆ ವೀರಪ್ಪನ್ ಪ್ರಕರಣ ಓದುವಾಗಲೂ ಬೇಡಿಕೆಯನ್ನು ಪ್ರೇರಣೆ ಎಂದುಕೊಳ್ಳಬೇಡಿ. 2000ದ ಜುಲೈ 30ರಂದು ರಾಜ್‌ಕುಮಾರ್ ಅವರನ್ನು ಗಾಜನೂರಿನಿಂದ ಅಪಹರಿಸಿದ ಮೇಲೆ ಬಂದ ಪಟ್ಟಿಯಲ್ಲಿ ಕಾವೇರಿ ನೀರು, ತಿರುವಳ್ಳುವರ್ ಪ್ರತಿಮೆ, ಟಾಡಾ (ಭಯೋತ್ಪಾದನೆ ವಿರುದ್ಧದ ಕಾಯ್ದೆ) ಕೈದಿಗಳ ಬಿಡುಗಡೆ ಎಲ್ಲವೂ ಇದ್ದವು. 108 ದಿನಗಳ ನಂತರ ಬಿಡುಗಡೆಯಾಯಿತು. ಬೇಡಿಕೆ ಎಂದರೆ ಚೌಕಾಸಿಗೆ ಇಟ್ಟ ಬೆಲೆ. ಇಟ್ಟವನ ಮನಸ್ಸು ಅದರಲ್ಲಿ ಎಷ್ಟಿದೆ ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಕು.

ಪರೀಕ್ಷೆಗೆ ಕಾನೂನು, ಚುಟುಕಾಗಿ: ಪ್ರೇರಣೆ, ಸಿದ್ಧತೆ, ಹಿಂದಿನ-ಮುಂದಿನ ನಡತೆ ಪ್ರಸ್ತುತ ಸಂಗತಿಗಳು, ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಕಲಂ 6 (ಹಳೆಯ ಕಾಯ್ದೆಯ 8). ಪರಾರಿಯಾದದ್ದು ನಡತೆಯೇ; ಆದರೆ ಓಡಿಹೋದ ಮಾತ್ರಕ್ಕೆ ಅಪರಾಧ ಸಾಬೀತಾಗುವುದಿಲ್ಲ, ಹೆದರಿದ ನಿರಪರಾಧಿಯೂ ಓಡುತ್ತಾನೆ. ನೇರ ಸಾಕ್ಷ್ಯ ಗಟ್ಟಿಯಿದ್ದರೆ ಪ್ರೇರಣೆ ಸಿಗದಿದ್ದರೂ ಪ್ರಕರಣ ಬೀಳುವುದಿಲ್ಲ. ಸಾಂದರ್ಭಿಕ ಸಾಕ್ಷ್ಯವೇ ಆಧಾರವಾದಾಗ ಪ್ರೇರಣೆಯ ತೂಕ ಹೆಚ್ಚು. ತಲೆಮರೆಸಿಕೊಂಡವರು ಹಾಜರಾಗಬೇಕೆಂದು ನ್ಯಾಯಾಲಯ ಹೊರಡಿಸುವ ಉದ್ಘೋಷಣೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 84; ಹಾಜರಾಗಲು ಕನಿಷ್ಠ 30 ದಿನ ಕೊಡಬೇಕು.

ಅಭ್ಯಾಸ

ಪೂರ್ತಿ ಕಲ್ಪಿತ. ಪುಷ್ಯ ಮಳೆ ಹೊಯ್ಯುತ್ತಿದೆ. ಶಿರಸಿ-ಕುಮಟಾ ರಸ್ತೆಯಲ್ಲಿ, ದೇವಿಮನೆ ಘಟ್ಟದ ತಿರುವಿನಲ್ಲಿ ಸುಟ್ಟ ಬೈಕು ಸಿಕ್ಕಿದೆ; ಇಬ್ಬರು ಕಾಣೆ. ಸಂಜೆಯೊಳಗೆ ಮೂರು ಸುದ್ದಿ: ಸಾಲದ ಜಗಳವಂತೆ, ಕುಮಟಾದಲ್ಲಿ ರೈಲು ಹತ್ತಿದರಂತೆ, ಕತಗಾಲದ ಅಂಗಡಿಯಲ್ಲಿ ಮಧ್ಯಾಹ್ನ 2ಕ್ಕೆ ಒದ್ದೆ ಬಟ್ಟೆಯ ಇಬ್ಬರು ಬಿಸ್ಕೀಟು ಕೊಂಡರು. ಪ್ರತಿಯೊಂದಕ್ಕೂ ನಾಲ್ಕು ಕಾಲಂ ತುಂಬಿ: ಹೇಳಿದವರು, ಹೊತ್ತು, ಕಂಡದ್ದೋ ಕೇಳಿದ್ದೋ, ನಿಜವಾದರೆ ನಕ್ಷೆಯಲ್ಲಿ ಏನು ಬದಲಾಗುತ್ತದೆ.

ಸುಳಿವು: ಮೊದಲನೆಯದು ನಕ್ಷೆಯನ್ನು ಮುಟ್ಟುವುದಿಲ್ಲ, ಸಾಲ ಕೊಟ್ಟವರು ಯಾರೆಂದು ಗೊತ್ತಾದರೆ ಮಾತ್ರ ಅವರ ಮನೆಗೆ ಕಾವಲು. ಎರಡನೆಯದನ್ನು ರೈಲಿನ ವೇಳೆ ಮತ್ತು ನಿಲ್ದಾಣದ ಕ್ಯಾಮರಾದಿಂದ ಒಂದೆರಡು ಗಂಟೆಯಲ್ಲಿ ತೀರ್ಮಾನಿಸಬಹುದು. ಮೂರನೆಯದರಲ್ಲಿ ‘ಅಂತೆ’ ಇಲ್ಲ, ಹೊತ್ತು ಇದೆ, ಜಾಗ ಇದೆ, ಕಂಡವರಿದ್ದಾರೆ. ದಕ್ಷಿಣಕ್ಕೆ ಅಘನಾಶಿನಿ ತುಂಬಿ ಹರಿಯುತ್ತಿರುವಾಗ ಅವರು ಹೊಳೆ ದಾಟುವ ಸಾಧ್ಯತೆಗೆ ಎಷ್ಟು ಅಂಕ ಕೊಡುತ್ತೀರಿ ಎಂದು ಬರೆದು, ಕತಗಾಲದಲ್ಲಿ ನಾಕಾಬಂದಿ ಬಿದ್ದ ಹೊತ್ತು 2ಕ್ಕಿಂತ ಮೊದಲೋ ಆಮೇಲೋ ನೋಡಿ ಆ ಅಂಕವನ್ನು ತಿದ್ದಿ.