ಸ್ಟೋರ್ಸ್‌ನವರು ಒಪ್ಪದೆ ಇಆರ್‌ಪಿ ಓಡದು

ಪೀಣ್ಯದ ಸಣ್ಣ ಕಾರ್ಖಾನೆಗಳಿಗೆ ಇಆರ್‌ಪಿ, ಅಂದರೆ ಮಾಲು, ಖರೀದಿ, ಲೆಕ್ಕಪತ್ರ ಎಲ್ಲ ಒಂದೇ ಕಡೆ ಇಡುವ ಸಾಫ್ಟ್‌ವೇರ್ ಹಾಕಿಕೊಡುವುದು ನನ್ನ ಕೆಲಸ. ದುಡ್ಡು ಕೊಡುವವರು ಮಾಲೀಕರು. ಅವರು ಹೂಂ ಅಂದರೆ ಎಲ್ಲರೂ ಒಪ್ಪಿದ ಹಾಗೆ ಎಂದು ಹಲವರು ಅಂದುಕೊಳ್ಳುತ್ತಾರೆ. ಆದರೆ ದಿನವೂ ಅದರಲ್ಲಿ ಲೆಕ್ಕ ತುಂಬುವವರು ಸ್ಟೋರ್ಸ್, ಅಂದರೆ ಕಾರ್ಖಾನೆಯ ಮಾಲಿನ ಉಗ್ರಾಣ ನೋಡಿಕೊಳ್ಳುವವರು. ಯಾವ ರಾಡ್ ಎಲ್ಲಿದೆ, ಪ್ಲೇಟಿಂಗ್‌ಗೆ ಹೋದ ಮಾಲು ಎಷ್ಟು ವಾಪಸ್ ಬಂತು, ಎಲ್ಲ ಅವರ ನೋಟ್‌ಬುಕ್‌ನಲ್ಲಿರುತ್ತದೆ. ಅವರು ಎಂಟ್ರಿ ಮಾಡದಿದ್ದರೆ ಮಾಲೀಕರು ನೋಡುವ ರಿಪೋರ್ಟ್ ಸುಳ್ಳು ಹೇಳುತ್ತದೆ.

ಅವರಿಗೆ ಕಂಪ್ಯೂಟರ್ ಬರುವುದಿಲ್ಲ, ಅದಕ್ಕೇ ಬೇಡ ಅಂತಾರೆ ಎನ್ನುವುದು ಸುಲಭದ ಮಾತು. ಅದೇ ಮನುಷ್ಯ ಫೋನಿನಲ್ಲಿ ಸಲೀಸಾಗಿ ಹಣ ಕಳಿಸುತ್ತಾರೆ, ಅಲ್ವಾ? ಭಯ ಬೇರೆಯದು. ಓಪನಿಂಗ್ ಸ್ಟಾಕ್, ಅಂದರೆ ಶುರುವಿನಲ್ಲಿ ಕೈಯಲ್ಲಿರುವ ಮಾಲಿನ ಲೆಕ್ಕ ಹಾಕಬೇಕಾದರೆ ಇಡೀ ಸ್ಟೋರ್ಸ್ ಎಣಿಸಬೇಕು. ಬರೆಯದೆ ಶಾಪ್ ಫ್ಲೋರ್‌ಗೆ ಕೊಟ್ಟದ್ದು, ರಿಜೆಕ್ಟ್ ಆಗಿ ಮೂಲೆ ಸೇರಿದ್ದು, ವರ್ಷಗಳ ವ್ಯತ್ಯಾಸವೆಲ್ಲ ಅವತ್ತು ಹೊರಗೆ ಬರುತ್ತದೆ. ಹೊಣೆ ಮಾತ್ರ ಅವರೊಬ್ಬರ ತಲೆ ಮೇಲೆ.

ಹಾಗಾಗಿ ಎಣಿಕೆಗೆ ಮುಂಚೆ ಮಾಲೀಕರಿಂದ ಒಂದು ಮಾತು ಪಡೆಯುತ್ತೇನೆ. ಮೊದಲ ಎಣಿಕೆಯಲ್ಲಿ ಎಷ್ಟೇ ಕಮ್ಮಿ ಬಂದರೂ ಯಾರನ್ನೂ ದೂರುವುದಿಲ್ಲ ಎಂದು ಅವರು ಎಲ್ಲರ ಎದುರಿಗೆ ಹೇಳಬೇಕು. ನನ್ನ ಹತ್ತಿರ ಹೇಳಿದರೆ ಸಾಲದು.

ಆಮೇಲೆ ಮೊದಲ ವಾರದಲ್ಲೇ ಸ್ಟೋರ್ಸ್‌ನವರ ಕೆಲಸ ಹಗುರವಾಗಬೇಕು. ನಾನು ಜಾಬ್ ವರ್ಕ್, ಅಂದರೆ ಪ್ಲೇಟಿಂಗ್‌ನಂಥ ಕೆಲಸಕ್ಕೆ ಹೊರಗೆ ಕಳಿಸಿದ ಮಾಲಿನ ಬಾಕಿ ಪಟ್ಟಿಯಿಂದ ಶುರು ಮಾಡುತ್ತೇನೆ. ಯಾವ ಚಲನ್‌ನಲ್ಲಿ ಎಷ್ಟು ಹೋಯಿತು, ಎಷ್ಟು ಬಂತು, ಎಷ್ಟು ದಿನವಾಯಿತು, ಅಷ್ಟೇ. ಜಿಎಸ್‌ಟಿ ಕಾನೂನಿನಂತೆ ಜಾಬ್ ವರ್ಕ್‌ಗೆ ಕಳಿಸಿದ ಕಚ್ಚಾ ಮಾಲು 1 ವರ್ಷದೊಳಗೆ ವಾಪಸ್ ಬರಬೇಕು, ಇಲ್ಲವೇ ಅಲ್ಲಿಂದಲೇ ಗಿರಾಕಿಗೆ ಹೋಗಬೇಕು. ಎರಡೂ ಆಗದಿದ್ದರೆ ಕಳಿಸಿದ ದಿನವೇ ಮಾರಿದ ಲೆಕ್ಕ. ತೆರಿಗೆ ಜೊತೆ ಬಡ್ಡಿಯೂ ಬೀಳುತ್ತದೆ. ಇದಕ್ಕಾಗಿ ಅಕೌಂಟ್ಸ್‌ನವರು ಫೋನ್ ಮಾಡುತ್ತಲೇ ಇರುತ್ತಾರೆ, ಸ್ಟೋರ್ಸ್‌ನವರು ಪುಟ ತಿರುವುತ್ತಲೇ ಇರುತ್ತಾರೆ. ಪಟ್ಟಿ ಬಂತೆಂದರೆ ಆ ಕಾಟ ಇಬ್ಬರಿಗೂ ತಪ್ಪುತ್ತದೆ. ಅಲ್ಲಿಂದ ಮುಂದೆ ನಮ್ಮ ಪರವಾಗಿ ಸ್ಟೋರ್ಸ್‌ನವರೇ ಮಾತಾಡುತ್ತಾರೆ.

ಅಕೌಂಟ್ಸ್‌ನವರಿಗೆ ಟ್ರೇನಿಂಗ್ 20ನೇ ತಾರೀಕು ಕಳೆದ ಮೇಲೆ ಇಡಿ. ತಿಂಗಳ ಜಿಎಸ್‌ಟಿ ರಿಟರ್ನ್‌ಗಳಾದ ಜಿಎಸ್‌ಟಿಆರ್-1 11ಕ್ಕೆ, 3ಬಿ 20ಕ್ಕೆ ಇರುವಾಗ ಕರೆದರೆ ಯಾರಿಗಾದರೂ ಸಿಟ್ಟು ಬರುತ್ತದೆ.

ಸ್ಟೋರ್ಸ್‌ನವರ ನೋಟ್‌ಬುಕ್ ಮಾತ್ರ ಕಿತ್ತುಕೊಳ್ಳಬೇಡಿ. ಕೆಲವು ವಾರ ಎರಡೂ ನಡೆಯಲಿ. ತಾಳೆಯಾಗದ ಐಟಂಗಳನ್ನು ವಾರಕ್ಕೊಮ್ಮೆ ಅವರ ಜೊತೆಯೇ ಕೂತು ನೋಡಿ. ಎಷ್ಟೋ ಸಲ ನೋಟ್‌ಬುಕ್ಕೇ ಸರಿ ಇರುತ್ತದೆ. ಕಿಲೋದಲ್ಲಿ ಬರಬೇಕಾದ ಮಾಲಿಗೆ ನಾವು ನಂಬರ್ ಅಂತ ಯೂನಿಟ್ ಹಾಕಿರುವುದನ್ನು ಅವರೇ ಹಿಡಿದು ತೋರಿಸುತ್ತಾರೆ.