ಫಿನಾಯಿಲ್ ಬಾಟಲಿ ಕೆಳಗಿಡಿ

"ಡಾಕ್ಟ್ರೇ, ದಿನಾ ಎರಡು ಸಲ ಫಿನಾಯಿಲ್ ಹಾಕ್ತೇವೆ, ಆದ್ರೂ ನಾತ ಹೋಗೂದೇ ಇಲ್ಲ. ಈಗ ಬೆಕ್ಕು ಅಕ್ಕಿ ಚೀಲದ ಮೇಲೇ ಉಚ್ಚೆ ಹೊಯ್ತದೆ." ಕಾರವಾರದಲ್ಲಿ ಮಳೆ ಹಿಡಿಯಿತೆಂದರೆ ಬೆಕ್ಕು ಸಾಕಿದವರ ಬಾಯಲ್ಲಿ ಇದೇ ದೂರು. ಅಕ್ಕಿ ಹಾಳಾದದ್ದು ಫಿನಾಯಿಲ್‌ನಿಂದಲೇ ಎಂದರೆ ಯಾರೂ ನಂಬುವುದಿಲ್ಲ. ನೆಲ ಒರೆಸಲು ಆಗುವ ವಸ್ತು ಲಿಟರ್ ಪೆಟ್ಟಿಗೆಗೆ (ಬೆಕ್ಕು ಉಚ್ಚೆ, ಮಲ ಮಾಡಲೆಂದು ಲಿಟರ್ ಎಂಬ ಮಣ್ಣನ್ನೋ ಹುಡಿಯನ್ನೋ ತುಂಬಿ ಇಡುವ ಪೆಟ್ಟಿಗೆ) ಯಾಕೆ ಆಗಬಾರದು ಎಂಬ ಪ್ರಶ್ನೆ. ಸರಿ, ಇನ್ನೊಮ್ಮೆ ಹೇಳುತ್ತೇನೆ.

ಈಗಷ್ಟೇ ಹೊಯ್ದ ಉಚ್ಚೆಗೆ ಅಂಥ ನಾತ ಇರುವುದಿಲ್ಲ. ಸಂತಾನಹರಣ ಆಪರೇಶನ್ ಆಗದ ಗಂಡು ಬೆಕ್ಕಿನ ಮಾತು ಬೇರೆ. ಅದರ ನಾತಕ್ಕೆ ಮದ್ದು ಆಪರೇಶನ್ನೇ, ಯಾವ ಲಿಟರೂ ಅಲ್ಲ. ಉಳಿದವುಗಳಲ್ಲಿ ಉಚ್ಚೆಯೊಳಗಿನ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದು ಅಮೋನಿಯಾ ಮಾಡುತ್ತವೆ, ಕಣ್ಣು ಉರಿಸುವುದು ಅದು. ಈ ಕೆಲಸಕ್ಕೆ ಅವಕ್ಕೆ ತೇವ ಬೇಕು, ಸಮಯ ಬೇಕು. ವರ್ಷಕ್ಕೆ 3,000 ಮಿ.ಮೀ. ಆಸುಪಾಸು ಮಳೆ ಬಿದ್ದು ಡಬ್ಬಿಯೊಳಗಿನ ಹಪ್ಪಳವೂ ಮೆತ್ತಗಾಗುವ ಊರಲ್ಲಿ ತೇವಕ್ಕೆ ಬರವೇ? ನಮ್ಮ ಕೈಯಲ್ಲಿರುವುದು ಸಮಯವೊಂದೇ. ಅಂಥದ್ದರಲ್ಲಿ ಫಿನಾಯಿಲನ್ನು ಅರ್ಧ ಮಗ್ ನೀರಿಗೆ ಕಲಸಿ ಪೆಟ್ಟಿಗೆಗೆ ಸುರಿಯುತ್ತಾರೆ. ಉಚ್ಚೆ ಇದ್ದಲ್ಲೇ ಇದೆ, ಅದರ ಮೇಲೆ ಇನ್ನಷ್ಟು ನೀರು.

ಇದು ನಾತದ ಮಾತಾಯಿತು, ಇನ್ನು ವಿಷದ್ದು. ಕರಿ ಫಿನಾಯಿಲ್‌ನಲ್ಲಿರುವುದು ಫಿನಾಲ್ ಜಾತಿಯ ರಾಸಾಯನಿಕ. ಮನುಷ್ಯರ ಯಕೃತ್ತು, ನಾಯಿಯ ಯಕೃತ್ತು ಅದನ್ನು ಕಟ್ಟಿಹಾಕಿ ಹೊರಗೆ ಕಳಿಸುತ್ತವೆ. ಬೆಕ್ಕಿನ ಯಕೃತ್ತಿಗೆ ಆ ಶಕ್ತಿ ಬಹಳ ಕಡಿಮೆ. ನೀರಿಗೆ ಹಾಕಿದರೆ ಹಾಲಿನಂತಾಗುವ ಬಿಳಿ ಫಿನಾಯಿಲ್‌ನ ಪೈನ್ ಎಣ್ಣೆಯೂ, ನೀಲಗಿರಿ ಎಣ್ಣೆಯೂ ಬೆಕ್ಕಿಗೆ ಒಳ್ಳೆಯದಲ್ಲ. ಬೆಕ್ಕು ಪೆಟ್ಟಿಗೆಯಿಂದ ಹೊರಬಂದು ಮಾಡುವ ಮೊದಲ ಕೆಲಸ ನೋಡಿದ್ದೀರಲ್ಲ? ಕೂತು ಪಾದ ನೆಕ್ಕುತ್ತದೆ, ಬೆರಳು ಅಗಲಿಸಿಕೊಂಡು, ಸಂದಿ ಸಂದಿ. ಸುರಿದದ್ದೆಲ್ಲ ಹೊಟ್ಟೆಗೆ. ಜೊಲ್ಲು ಸುರಿಸುವುದು, ಬಾಯಿ ಹುಣ್ಣು, ನಡುಕ, ತೂರಾಡುವುದು ಕಂಡರೆ ಮನೆಯಲ್ಲಿ ವಾಂತಿ ಮಾಡಿಸಲು ಹೋಗಬೇಡಿ. ಪಾದವನ್ನು ಪಾತ್ರೆ ಸೋಪು, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಬಾಟಲಿಯನ್ನೂ ಹಿಡಿದುಕೊಂಡು ಪಶುವೈದ್ಯರಲ್ಲಿಗೆ ಹೋಗಿ. ಎಲ್ಲ ಬೆಕ್ಕಿಗೂ ಹೀಗಾಗುತ್ತದೆ ಎನ್ನುವುದಿಲ್ಲ. ಆ ಘಾಟು ತಡೆಯದೆ ಪೆಟ್ಟಿಗೆಯನ್ನೇ ಬಿಟ್ಟು ಅಕ್ಕಿ ಚೀಲ ಹುಡುಕುವ ಬೆಕ್ಕುಗಳೇ ಹೆಚ್ಚು. ಬುದ್ಧಿವಂತ ಪ್ರಾಣಿ.

ಫಿನಾಯಿಲ್ ಬೇಡ ಎಂದ ಕೂಡಲೇ ಬಾವಿಗೆ ಹಾಕಿ ಉಳಿದ ಬ್ಲೀಚಿಂಗ್ ಪೌಡರ್ ಹೊರಬರುತ್ತದೆ. ಅದು ಅಮೋನಿಯಾದ ಜೊತೆ ಸೇರಿದರೆ ಕ್ಲೋರಮಿನ್ ಅನಿಲ. ಗಂಟಲು ಕಟ್ಟುವುದು ತೊಳೆಯುವವರಿಗೇ. ಮೂರನೆಯದು ಬಚ್ಚಲೊಲೆಯ ಬೂದಿ, ಇಲ್ಲವೇ ಸುಣ್ಣ. ಅಜ್ಜಿ ಕಾಲದ ಉಪಾಯ ಎಂಬ ಗೌರವದಿಂದಲೇ ಹೇಳುತ್ತೇನೆ, ಇಲ್ಲಿ ಅದು ತಿರುಗುಬಾಣ. ಬೂದಿ, ಸುಣ್ಣ ಎರಡೂ ಕ್ಷಾರ. ಒದ್ದೆಯಲ್ಲಿ ಕರಗಿ ಕೂತ ಅಮೋನಿಯಾವನ್ನು ಕ್ಷಾರ ಎಬ್ಬಿಸಿ ಗಾಳಿಗೆ ಬಿಡುತ್ತದೆ. ಸುಣ್ಣ ಪಾದವನ್ನೂ ಸುಡುತ್ತದೆ.

ಹಾಗಾದರೆ ಏನು ಮಾಡಬೇಕು? ಒದ್ದೆಯಾದ ಲಿಟರನ್ನೂ ಮಲವನ್ನೂ ಎತ್ತಬೇಕು, ಅಷ್ಟೇ. ದಿನಕ್ಕೆ ಎರಡು ಸಲ, ಬೆಳಿಗ್ಗೆ ಚಾಕ್ಕೆ ಮೊದಲು ಮತ್ತು ರಾತ್ರಿ ಮಲಗುವ ಮುಂಚೆ. ಲಿಟರ್ ಸ್ಕೂಪ್ ಇಲ್ಲದಿದ್ದರೆ ಹಳೇ ಜಾಲರಿ ಸೌಟು ಸಾಕು (ಅದು ಮತ್ತೆ ಅಡುಗೆಮನೆಗೆ ಹೋಗಕೂಡದು). ಒದ್ದೆಯಾದರೆ ಉಂಡೆಗಟ್ಟುವ ಬೆಂಟೊನೈಟ್ (ಒಂದು ಬಗೆಯ ಜೇಡಿಮಣ್ಣು) ಲಿಟರ್ ಆದರೆ 5ರಿಂದ 7 ಸೆಂ.ಮೀ. ದಪ್ಪ ಹರಡಿ. ದುಬಾರಿ ಎಂದು ಎರಡು ಸೆಂ.ಮೀ. ಹಾಕಿದರೆ ಉಚ್ಚೆ ತಳಕ್ಕಿಳಿದು ಪ್ಲಾಸ್ಟಿಕ್ಕಿಗೆ ರಾಡಿಯಾಗಿ ಅಂಟುತ್ತದೆ. ಕೆರೆದು ತೆಗೆಯುವಾಗ ಉಂಡೆ ಒಡೆದು ಪೆಟ್ಟಿಗೆಗೆಲ್ಲ ಹರಡುತ್ತದೆ. ಎತ್ತಿದಷ್ಟು ಹೊಸತು ಸೇರಿಸುತ್ತ ಹೋಗಿ, ಎರಡು ಮೂರು ವಾರಕ್ಕೊಮ್ಮೆ ಪೂರ್ತಿ ಬದಲಿಸಿ. ಮಳೆಗಾಲದಲ್ಲಿ ವಾರಕ್ಕೇ ಬೇಕಾದೀತು. ಚೀಲದ ಬಾಯಿ ಬಿಗಿಯಾಗಿ ಕಟ್ಟಿಡಿ, ಇಲ್ಲದಿದ್ದರೆ ಹವೆಯ ತೇವ ಕುಡಿದು ಬೆಕ್ಕು ಮುಟ್ಟುವ ಮೊದಲೇ ಅರ್ಧ ಕೆಲಸ ಮುಗಿಸಿರುತ್ತದೆ.

ಸಮುದ್ರದ ಮರಳು ಪುಕ್ಕಟೆ ಸಿಗುವಾಗ ದುಡ್ಡು ಯಾಕೆ ಎನ್ನುವವರಿಗೆ: ಅದರಲ್ಲಿ ಉಪ್ಪಿದೆ, ಉಪ್ಪು ಗಾಳಿಯ ನೀರನ್ನು ಎಳೆಯುತ್ತದೆ. ಸಿಹಿನೀರಲ್ಲಿ ತೊಳೆದು ಒಣಗಿಸಿದರೂ ಮರಳು ಉಚ್ಚೆಯನ್ನು ಹೀರುವುದಿಲ್ಲ, ತಳಕ್ಕೆ ಬಿಡುತ್ತದೆ. ಸಾಮಿಲ್ಲಿನ ಹುಡಿ ಹೀರುತ್ತದೆ, ಆದರೆ ನುಣುಪು ಹುಡಿ ಮೂಗಿಗೆ ಹೋಗುತ್ತದೆ. ದಪ್ಪ ಹೊಟ್ಟು ಕೇಳಿ ತನ್ನಿ, ಬಣ್ಣ, ಔಷಧಿ ಬಳಿದ ಮರದ್ದು ಬೇಡ. ತೆಂಗಿನ ನಾರಿನ ಪುಡಿಯೂ ನಡೆಯುತ್ತದೆ. ಇವು ಉಂಡೆಗಟ್ಟುವುದಿಲ್ಲವಾದ್ದರಿಂದ ಎರಡು ಮೂರು ದಿನಕ್ಕೊಮ್ಮೆ ಪೂರ್ತಿ ಚೆಲ್ಲಬೇಕು. ಬೂಸಲು ಬಂತೆಂದರೆ ಅದೇ ದಿನ.

ಖಾಲಿ ಮಾಡಿದ ಪೆಟ್ಟಿಗೆಯನ್ನು ಹಂಡೆಯ ಬಿಸಿನೀರು, ವಾಸನೆಯಿಲ್ಲದ ಸೋಪಿನಲ್ಲಿ ಉಜ್ಜಿ. ತಳದಲ್ಲಿ ಬಿಳಿ ಗಾರೆಯಂಥ ಕಟ್ಟು ಕೂತಿದ್ದರೆ ಒಂದು ಭಾಗ ವಿನೆಗರ್‌ಗೆ ಮೂರು ಭಾಗ ನೀರು ಬೆರೆಸಿ ಕಾಲು ಗಂಟೆ ನೆನೆಸಿ, ಸಡಿಲಾಗುತ್ತದೆ. ವಿನೆಗರ್ ಇದ್ದಲ್ಲಿ ಬ್ಲೀಚಿಂಗ್ ಪೌಡರ್ ಸುಳಿಯಬಾರದು, ಕ್ಲೋರಿನ್ ಏಳುತ್ತದೆ. ನಿಂಬೆಹಣ್ಣು ಬೇಡ, ನಮಗೆ ಪರಿಮಳ, ಬೆಕ್ಕಿಗೆ ಅಸಹ್ಯ. ಪೂರ್ತಿ ಒಣಗಿದ ಮೇಲೇ ಹೊಸ ಲಿಟರ್. ಆಷಾಢದಲ್ಲಿ ಬಿಸಿಲೆಲ್ಲಿ? ಹಾಗಾಗಿ ಎರಡು ಪೆಟ್ಟಿಗೆ ಇಟ್ಟುಕೊಳ್ಳಿ, ಒಂದು ಬಚ್ಚಲೊಲೆಯ ಬದಿಯಲ್ಲಿ ಆರುತ್ತಿರಲಿ. ಉಗುರು ಗೀರಿ ಗೀರಿ ಒರಟಾದ ಪ್ಲಾಸ್ಟಿಕ್ ಎಷ್ಟು ತೊಳೆದರೂ ನಾತ ಬಿಡುವುದಿಲ್ಲ. ವರ್ಷಕ್ಕೊಮ್ಮೆ ಹೊಸತು ತನ್ನಿ.

ಪೆಟ್ಟಿಗೆ ತೊಳೆದರೂ ನಾತ ಹೋಗದಿದ್ದರೆ ಗೋಡೆ ಮೂಸಿ ನೋಡಿ. ಗಿಲಾಯಿ ಇಲ್ಲದ ಚಿರೇಕಲ್ಲು ಸಾವಿರ ತೂತಿನ ಕಲ್ಲು, ಸಿಡಿದ ಉಚ್ಚೆಯನ್ನೆಲ್ಲ ಕುಡಿದು ಪ್ರತಿ ಮಳೆಗೂ ವಾಪಸ್ ಕೊಡುತ್ತದೆ. ಗಾಳಿಯಾಡುವ ಕಡೆ, ಗೋಡೆಯಿಂದ ಒಂದು ಗೇಣು ದೂರ, ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ಇಡಿ. ಬಾಗಿಲು ಮುಚ್ಚಿದ ಒದ್ದೆ ಬಚ್ಚಲು ಅತ್ಯಂತ ಕೆಟ್ಟ ಜಾಗ, ಎಲ್ಲರೂ ಆರಿಸುವುದು ಅದನ್ನೇ.

ಎತ್ತಿದ್ದನ್ನು ಕಕ್ಕಸಿಗೆ ಹಾಕಬೇಡಿ, ಬೆಂಟೊನೈಟ್ ಪೈಪಿನೊಳಗೇ ಉಬ್ಬಿ ಕೂರುತ್ತದೆ. ಬಸಳೆ ಚಪ್ಪರದ ಬುಡಕ್ಕೂ, ಬಾವಿಯ ಹತ್ತಿರವೂ ಬೇಡ. ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಪರೋಪಜೀವಿಯ ಮೊಟ್ಟೆಯಂಥ ಕಣಗಳು ಇರಬಹುದು. ಅವು ರೋಗ ಹರಡುವ ಹಂತಕ್ಕೆ ಬರಲು 1ರಿಂದ 5 ದಿನ ಬೇಕು. ದಿನಾ ಎತ್ತುವ ಮನೆಯಲ್ಲಿ ಅಪಾಯ ಬಹಳ ಕಡಿಮೆ. ಆದರೂ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆಯಾಗದಂತೆ ಬಸುರಿಯರು ಈ ಕೆಲಸ ಬೇರೆಯವರಿಗೆ ಬಿಡಲಿ. ಬಸುರಿ ಇದ್ದಾಳೆಂದು ಬೆಕ್ಕನ್ನು ಮೀನು ಮಾರ್ಕೆಟ್ಟಿನಲ್ಲಿ ಬಿಟ್ಟು ಬರುವ ಅಗತ್ಯವಿಲ್ಲ.

ಎತ್ತುವಾಗ ಉಚ್ಚೆಯ ಉಂಡೆ ಎಣಿಸಿ. ಆರೋಗ್ಯವಾದ ಬೆಕ್ಕಿಗೆ ದಿನಕ್ಕೆ ಎರಡರಿಂದ ನಾಲ್ಕು ಸಾಮಾನ್ಯ. ಒಮ್ಮೆಲೇ ಹೆಚ್ಚಿ ಒಂದೊಂದೂ ದೊಡ್ಡದಾದರೆ ಮೂತ್ರಪಿಂಡವನ್ನೋ ಸಕ್ಕರೆಯನ್ನೋ ನೋಡಬೇಕಾದೀತು. ಗಂಡು ಬೆಕ್ಕು ಪೆಟ್ಟಿಗೆಗೆ ಹತ್ತಿ ಇಳಿದು, ತಿಣುಕಿ, ಕೂಗಿ, ಒಂದು ಉಂಡೆಯೂ ಸಿಗದಿದ್ದರೆ ಅದು ಮಲಬದ್ಧತೆ ಎಂದು ಹರಳೆಣ್ಣೆ ಕುಡಿಸಬೇಡಿ. ಮೂತ್ರನಾಳ ಕಟ್ಟಿರಬಹುದು, ಒಂದೆರಡು ದಿನದಲ್ಲಿ ಜೀವ ಹೋಗುತ್ತದೆ. ರಾತ್ರಿಯಾದರೂ ಸರಿ, ಮಳೆ ಹೊಡೆಯುತ್ತಿದ್ದರೂ ಸರಿ, ಹೊರಡಿ.