ಗುರುತಿಲ್ಲದ ಕೆಪಾಸಿಟರ್‌ಗೂ ಒಂದು ಹೊರಮೈ ಇದೆ

ಗಾಜಿನ ನಿರ್ವಾತ ಕೊಳವೆಗಳಿಂದ ನಡೆಯುವ ವಾಲ್ವ್ ಆಂಪ್ಲಿಫೈಯರ್ ಕಟ್ಟಿ ಮುಗಿಸಿ, ಹಾಡು ಹಾಕುವ ಮೊದಲೇ ಸ್ಪೀಕರ್‌ನಿಂದ ಸಣ್ಣಗೆ ಗುಂಯ್ ಎಂಬ ಸದ್ದು ಬಂದರೆ ವಾರಗಳ ದುಡಿಮೆಯೆಲ್ಲ ಮಂಕಾಗುತ್ತದೆ. ಅದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು, ವಿದ್ಯುದಾವೇಶ ಹಿಡಿದಿಡುವ ಕೆಪಾಸಿಟರ್ ಎಂಬ ಬಿಡಿಭಾಗವನ್ನು ತಪ್ಪು ದಿಕ್ಕಿಗೆ ಹಾಕುವುದು. ಸರಿಯಾದ ದಿಕ್ಕನ್ನು ಬೆಸುಗೆ ಹಾಕುವ ಮುಂಚೆಯೇ, ಬೆರಳುಗಳಿಂದ ಮತ್ತು ವೋಲ್ಟೇಜಿನ ಅಲೆಯನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್‌ನಿಂದ ಪತ್ತೆಹಚ್ಚಬಹುದು.

ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗೆ ಧನ, ಋಣ ತುದಿಗಳಿವೆ. ತಿರುಗಿಸಿ ಹಾಕಿದರೆ ಸಿಡಿಯಬಹುದು. ಫಿಲ್ಮ್ ಕೆಪಾಸಿಟರ್‌ಗೆ ಆ ಭೇದವಿಲ್ಲ, ಹೇಗೆ ಹಾಕಿದರೂ ಕೆಲಸ ಮಾಡುತ್ತದೆ. ಆದರೆ ಅದರ ಒಳಗಿರುವುದು ಚಾಪೆಯಂತೆ ಸುತ್ತಿದ ಎರಡು ಲೋಹದ ಪದರಗಳು, ನಡುವೆ ಪ್ಲಾಸ್ಟಿಕ್ ಹಾಳೆ. ಸುತ್ತಿದಾಗ ಒಂದು ಪದರ ಹೊರಗೆ ಉಳಿಯಲೇಬೇಕು. ಮನೆಯ ವಿದ್ಯುತ್ ತಂತಿಗಳು ಹರಡುವ 50 ಹರ್ಟ್ಸ್ ಕ್ಷೇತ್ರ ಮೊದಲು ತಾಗುವುದು ಆ ಹೊರಪದರಕ್ಕೇ. ಅದನ್ನು ಗ್ರೌಂಡ್‌ಗೆ, ಅಂದರೆ ಸರ್ಕ್ಯೂಟಿನ ಶೂನ್ಯ ವೋಲ್ಟ್ ಬಿಂದುವಿಗೆ, ಸೇರಿಸಿದರೆ ಅದೇ ಒಳಪದರಕ್ಕೆ ಕವಚವಾಗುತ್ತದೆ.

ಆದರೆ ಆಂಪ್ಲಿಫೈಯರ್‌ನ ಒಂದು ವಾಲ್ವ್‌ನಿಂದ ಮುಂದಿನದಕ್ಕೆ ಸಂಕೇತ ದಾಟಿಸುವ ಕೆಪಾಸಿಟರ್‌ನ ಯಾವ ತುದಿಗೂ ಗ್ರೌಂಡ್ ಸಿಗುವುದಿಲ್ಲ. 12ಎಎಕ್ಸ್7 ವಾಲ್ವ್‌ಗೆ 1 ಲಕ್ಷ ಓಮ್ ಲೋಡ್ ಇದ್ದರೆ ಅದರ ಆನೋಡ್ (ಸಂಕೇತ ಹೊರಬರುವ ತುದಿ) ಬದಿಯ ಇಂಪೆಡೆನ್ಸ್, ಅಂದರೆ ಏರಿಳಿಯುವ ಕರೆಂಟಿಗೆ ಒಡ್ಡುವ ಅಡ್ಡಿ, ಸುಮಾರು 40 ಸಾವಿರ ಓಮ್. ಮುಂದಿನ ವಾಲ್ವ್‌ನ ಗ್ರಿಡ್‌ನ (ಸಂಕೇತ ಒಳಹೋಗುವ ತುದಿ) ರೆಸಿಸ್ಟರ್ ಹಲವೊಮ್ಮೆ 10 ಲಕ್ಷ ಓಮ್. ನುಸುಳಿದ ಅಷ್ಟೇ ಕರೆಂಟ್ ಹೆಚ್ಚು ಇಂಪೆಡೆನ್ಸ್ ಇರುವ ಕಡೆ ಹೆಚ್ಚು ವೋಲ್ಟೇಜ್ ಹುಟ್ಟಿಸುತ್ತದೆ. ಆದ್ದರಿಂದ ಹೊರಪದರ ಆನೋಡ್ ಬದಿಗೆ ಇರಬೇಕು. ಎರಡೂ ತುದಿಗಳನ್ನು ಬೆಸೆಯುವುದು ಅದೇ ಕೆಪಾಸಿಟರ್ ತಾನೇ ಎನ್ನಬಹುದು. ನಿಜ, ಆದರೆ 0.022 ಮೈಕ್ರೋಫ್ಯಾರಡ್‌ನದು 50 ಹರ್ಟ್ಸ್‌ಗೆ ಸುಮಾರು 1.45 ಲಕ್ಷ ಓಮ್ ಅಡ್ಡಿ ಒಡ್ಡುತ್ತದೆ. ಗ್ರಿಡ್ ತುದಿಗೆ ಆನೋಡ್‌ನ ಆಸರೆ ಪೂರ್ತಿ ಸಿಗುವುದಿಲ್ಲ. 1 ಮೈಕ್ರೋಫ್ಯಾರಡ್‌ನದಾದರೆ ಅಡ್ಡಿ ಬರೀ 3,200 ಓಮ್. ಅಲ್ಲಿ ದಿಕ್ಕಿನ ಚಿಂತೆಯೇ ಬೇಡ ಎಂಬುದು ನನ್ನ ಅಭಿಪ್ರಾಯ.

ಹಳೆಯ ಕಾಗದದ ಕೆಪಾಸಿಟರ್‌ಗಳಲ್ಲಿ ಹೊರಪದರದ ಕಡೆ ಪಟ್ಟಿ ಬಳಿಯುತ್ತಿದ್ದರು. ಈಗಿನವುಗಳ ಮೇಲೆ ಪಟ್ಟಿ ಇದ್ದರೂ ಅದನ್ನು ನಂಬದೆ ಅಳೆಯುವುದೇ ಸರಿ.

ಅಳೆಯುವುದು ಸುಲಭ. ಸರ್ಕ್ಯೂಟ್‌ಗೆ ಇನ್ನೂ ಸೇರಿಸದ, ಚಾರ್ಜ್ ಇಲ್ಲದ ಕೆಪಾಸಿಟರ್ ತೆಗೆದುಕೊಳ್ಳಿ. ಒಂದು ತುದಿಗೆ ಆಸಿಲೋಸ್ಕೋಪ್‌ನ ಗ್ರೌಂಡ್ ಕ್ಲಿಪ್, ಇನ್ನೊಂದಕ್ಕೆ ಪ್ರೋಬ್‌ನ ಮೊನೆ ಸಿಕ್ಕಿಸಿ, ಕೆಲವೇ ಮಿಲಿವೋಲ್ಟ್ ಕಾಣುವಂತೆ ಹೊಂದಿಸಿ. ತಂತಿಗಳನ್ನು ಮುಟ್ಟದೆ ಕೆಪಾಸಿಟರ್‌ನ ಮೈಯನ್ನು ಬೆರಳುಗಳಿಂದ ಬಿಗಿಯಾಗಿ ಹಿಡಿಯಿರಿ. ನಮ್ಮ ದೇಹವೇ ಆಂಟೆನಾ ಆಗಿ 50 ಹರ್ಟ್ಸ್ ಅಲೆ ಪರದೆಯ ಮೇಲೆ ಮೂಡುತ್ತದೆ. ತುದಿಗಳನ್ನು ಅದಲುಬದಲು ಮಾಡಿ ಮತ್ತೆ ಹಿಡಿಯಿರಿ. ಅಲೆ ಕುಗ್ಗಿದಾಗ ಗ್ರೌಂಡ್ ಕ್ಲಿಪ್ ಯಾವ ತುದಿಯಲ್ಲಿದೆಯೋ ಅದೇ ಹೊರಪದರ. ಆಂಪ್ಲಿಫೈಯರ್ ಚಾಲೂ ಇರುವಾಗ ಮಾತ್ರ ಈ ಪ್ರಯೋಗಕ್ಕೆ ಕೈ ಹಾಕಲೇಬಾರದು. ಅಲ್ಲಿ ಇನ್ನೂರು, ಮುನ್ನೂರು ವೋಲ್ಟ್ ಇರುತ್ತದೆ.

ಲೋಹದ ಪೆಟ್ಟಿಗೆ ಪೂರ್ತಿ ಮುಚ್ಚಿದ್ದರೆ ಇದರಿಂದ ಸಿಗುವ ಲಾಭ ಸಣ್ಣದು. ಆದರೂ ನಾನು ಬಿಡುವುದಿಲ್ಲ. ತುದಿ ಗೊತ್ತಾದ ಕೂಡಲೇ, ಕೈಯಿಂದ ಕೆಳಗಿಡುವ ಮೊದಲೇ, ಪೆನ್ನಿನಿಂದ ಒಂದು ಚುಕ್ಕೆ ಇಡುತ್ತೇನೆ. ಮೇಜಿನ ಮೇಲೆ ಉರುಳಿದರೆ ಎರಡೂ ತುದಿಗಳು ಮತ್ತೆ ಒಂದೇ ಥರ ಕಾಣುತ್ತವೆ.